ಮನೆಗೊಂದು ಹಳೆಯ ಕಾರು: ಪೆಟ್ರೋಲೋ, ಡೀಸೆಲೋ?

ಸೋಯಾಬೀನಿನ ರಾಶಿ ಮುಗಿದು ಹಣ ಕೈಸೇರುವ ದಿನಗಳಲ್ಲಿ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಅನೇಕ ಮನೆಗಳಲ್ಲಿ ಒಂದೇ ವಿಚಾರ ನಡೆಯುತ್ತದೆ: ಹಳೆಯದಾದರೂ ಸರಿ, ನಾಲ್ಕು ಚಕ್ರದ ಗಾಡಿಯೊಂದು ಬೇಕು. ಈ ಆಸೆ ನ್ಯಾಯವಾದದ್ದೇ. ನಮ್ಮ ಬೀಗರು ಬಸವಕಲ್ಯಾಣ, ಭಾಲ್ಕಿ, ಔರಾದ, ಆಳಂದಗಳಲ್ಲಿದ್ದಾರೆ. ದೊಡ್ಡ ಆಸ್ಪತ್ರೆಗಳು ಲಾತೂರ, ಸೊಲ್ಲಾಪುರ, ಕಲಬುರಗಿಗಳಲ್ಲಿವೆ. ಮಕ್ಕಳ ಮುಂದಿನ ಓದು ಗಡಿಯ ಈಚೆಗೂ ಆಚೆಗೂ ಹಂಚಿಹೋಗಿದೆ. ಐದು ಜನ ಕೂತು, ಡಿಕ್ಕಿಯಲ್ಲಿ ನಾಲ್ಕು ಗಂಟು ಇಟ್ಟು ಹೋಗುವ ಗಾಡಿ ನಮ್ಮ ಪಾಲಿಗೆ ಶೋಕಿಯಲ್ಲ.

ಆದರೆ ಹಲವು ವರ್ಷಗಳ ಉಳಿತಾಯ ಒಂದೇ ಸಂಜೆಯ ಮಾತಿನಲ್ಲಿ ಕೈಬಿಟ್ಟು ಹೋಗುವ ವ್ಯವಹಾರವೂ ಇದೇ. ಕೆಟ್ಟ ಎಂಜಿನ್ನು ಮಕ್ಕಳ ಮುಂದಿನ ಓದಿನ ಹಣವನ್ನು ತಿಂದುಬಿಡಬಲ್ಲದು. ಆದ್ದರಿಂದ ಈ ವಾರ ಆ ಕುರಿತು ನಾಲ್ಕು ಮಾತು.

ಮೊದಲು ಲೆಕ್ಕ

"ಡೀಸೆಲ್ ಗಾಡಿ ಅಗ್ಗ" ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅದಕ್ಕೆ ಕಾರಣವೂ ಇತ್ತು. 2010ರ ಜೂನ್‌ನಲ್ಲಿ ಪೆಟ್ರೋಲಿನ ಬೆಲೆಯನ್ನು ಸರ್ಕಾರ ಮಾರುಕಟ್ಟೆಗೆ ಬಿಟ್ಟುಕೊಟ್ಟಿತು. ಡೀಸೆಲ್ ಮಾತ್ರ 2014ರ ಅಕ್ಟೋಬರ್‌ವರೆಗೂ ಸರ್ಕಾರದ ಹಿಡಿತದಲ್ಲಿಯೇ ಉಳಿಯಿತು. ನಡುವಿನ ವರ್ಷಗಳಲ್ಲಿ ಎರಡರ ಅಂತರ ಲೀಟರಿಗೆ 20 ರೂಪಾಯಿಗೂ ಮೀರಿತ್ತು. ಸ್ವಿಫ್ಟ್ ಡಿಸೈರ್, ಟಾಟಾ ಇಂಡಿಗೊ, ಇಟಿಯೋಸ್, ಅಮೇಜ್‌ಗಳ ಡೀಸೆಲ್ ಮಾದರಿಗಳು ಆ ಕಾಲದಲ್ಲಿಯೇ ಹೇರಳವಾಗಿ ಮಾರಾಟವಾದವು. ಇಂದು ದಲ್ಲಾಳಿಗಳ ಅಂಗಳದಲ್ಲಿ ನಿಂತಿರುವ ಗಾಡಿಗಳಲ್ಲಿ ಬಹುಪಾಲು ಆ ಪೀಳಿಗೆಯವೇ. ಅಂದಿನ ಅಂತರ ಇಂದು ಇಲ್ಲ. ಆದ್ದರಿಂದ ಅಂದಿನ ನಂಬಿಕೆಯ ಮೇಲೆ ಇಂದು ಹಣ ಹಾಕಬಾರದು.

ಈ ಲೆಕ್ಕವನ್ನು ಮನೆಯ ಏಳನೆಯ ತರಗತಿಯ ಮಗುವಿಗೆ ಕೊಡಿರಿ, ಅದೇ ಬಿಡಿಸುತ್ತದೆ. ಪೆಟ್ರೋಲ್ ಲೀಟರಿಗೆ 104 ರೂಪಾಯಿ, ಡೀಸೆಲ್ 91 ರೂಪಾಯಿ ಎಂದು ಹಿಡಿಯೋಣ. ಪೆಟ್ರೋಲ್ ಕಾರು ಲೀಟರಿಗೆ 16 ಕಿಲೋಮೀಟರ್, ಡೀಸೆಲ್ ಕಾರು 20 ಕಿಲೋಮೀಟರ್ ಆವರೇಜ್ ಕೊಟ್ಟರೆ, ಕಿಲೋಮೀಟರಿಗೆ ಕ್ರಮವಾಗಿ 6 ರೂಪಾಯಿ 50 ಪೈಸೆ ಮತ್ತು 4 ರೂಪಾಯಿ 55 ಪೈಸೆ ಖರ್ಚು. ಉಳಿತಾಯ 1 ರೂಪಾಯಿ 95 ಪೈಸೆ. ಡೀಸೆಲ್ ಗಾಡಿಗೆ ಮಾರುವವನು 50,000 ರೂಪಾಯಿ ಹೆಚ್ಚು ಕೇಳುತ್ತಾನೆ, ವರ್ಷದ ಸರ್ವಿಸಿಗೆ 5,000 ರೂಪಾಯಿ ಹೆಚ್ಚು ಬೀಳುತ್ತದೆ ಎಂದುಕೊಳ್ಳಿರಿ.

ತಿಂಗಳಿಗೆ 500 ಕಿಲೋಮೀಟರ್ ಓಡಿಸುವ ಮನೆಗೆ ವರ್ಷಕ್ಕೆ ಇಂಧನದಲ್ಲಿ ಉಳಿಯುವುದು 11,700. ಸರ್ವಿಸಿನ ಹೆಚ್ಚಳ ಕಳೆದರೆ 6,700 ರೂಪಾಯಿ. ಹೆಚ್ಚು ಕೊಟ್ಟ 50,000 ತಿರುಗಿ ಬರಲು ಏಳೂವರೆ ವರ್ಷ ಬೇಕು. ಅಷ್ಟರಲ್ಲಿ ಗಾಡಿಯ ಆಯುಷ್ಯವೇ ಮುಗಿಯುತ್ತ ಬಂದಿರುತ್ತದೆ. ತಿಂಗಳಿಗೆ 1,500 ಕಿಲೋಮೀಟರ್ ಓಡಿಸುವವನಿಗೆ ವರ್ಷಕ್ಕೆ 30,100 ಉಳಿಯುತ್ತದೆ. ಇಪ್ಪತ್ತು ತಿಂಗಳಲ್ಲಿ ಲೆಕ್ಕ ಚುಕ್ತಾ. ನಿಮ್ಮ ಊರಿನ ಬಂಕಿನ ದರ ಹಾಕಿ ಇದನ್ನೇ ತಿದ್ದಿಕೊಳ್ಳಬಹುದು. ಪ್ರಶ್ನೆ ಒಂದೇ: ನಿಮ್ಮ ಗಾಡಿ ದಿನಾಲು ಎಷ್ಟು ಓಡುತ್ತದೆ?

ಎರಡು ಎಂಜಿನ್ನುಗಳ ಸ್ವಭಾವ

ಡಿಸೈರ್, ಇಂಡಿಗೊ ಮಾಂಜಾ ಮುಂತಾದ ಕಾರುಗಳಲ್ಲಿದ್ದ 1,248 ಸಿಸಿಯ ಫಿಯೆಟ್ ಮೂಲದ ಡೀಸೆಲ್ ಎಂಜಿನ್ ನಮ್ಮದೇ ರಾಜ್ಯದ ರಾಂಜಣಗಾವದಲ್ಲಿಯೂ ತಯಾರಾಗುತ್ತಿತ್ತು. ಗಟ್ಟಿ ಎಂಜಿನ್, ಅದರ ಕೆಲಸ ಬಲ್ಲ ಮಿಸ್ತ್ರಿಗಳು ಎಲ್ಲೆಡೆ ಇದ್ದಾರೆ. ಆದರೆ ಮಾರುತಿ ಕಂಪನಿ 2020ರ ಏಪ್ರಿಲ್‌ನಲ್ಲಿ, ಬಿಎಸ್-6 ನಿಯಮ ಜಾರಿಯಾದಾಗ, ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಅಂದರೆ ನೀವು ನೋಡುವ ಡೀಸೆಲ್ ಡಿಸೈರ್ ಅದಕ್ಕಿಂತ ಹಿಂದಿನದೇ. ಅದರ ಟರ್ಬೊ, ಇಂಜೆಕ್ಟರ್, ಕ್ಲಚ್ಚುಗಳಿಗೂ ಅಷ್ಟೇ ವಯಸ್ಸು. ಇವುಗಳಲ್ಲಿ ಒಂದು ಕೈಕೊಟ್ಟರೆ ಎರಡು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗಬಹುದು.

ಡೀಸೆಲ್ ಎಂಜಿನ್ನಿಗೆ ದೂರದ ಓಟ ಬೇಕು. ಮನೆಯಿಂದ ಶಾಲೆ, ಶಾಲೆಯಿಂದ ಮೊಂಢಾ ಎಂದು ಎರಡೆರಡು ಕಿಲೋಮೀಟರ್ ಓಡಿ ನಿಲ್ಲುವ ಡೀಸೆಲ್ ಗಾಡಿ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಮಸಿ ಕಟ್ಟುತ್ತದೆ. ಬಿಎಸ್-6 ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಜಾಲರಿಯಿದ್ದು, ಆಗಾಗ ಹೆದ್ದಾರಿಯಲ್ಲಿ ಓಡಿಸದಿದ್ದರೆ ಅದು ಕಟ್ಟಿಕೊಳ್ಳುತ್ತದೆ.

ಪೆಟ್ರೋಲ್ ಎಂಜಿನ್ ಸರಳ, ದುರಸ್ತಿ ಅಗ್ಗ. ಆದರೆ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಇರುತ್ತದೆ. ನಮ್ಮ ಸೀಮೆಯ ಕಬ್ಬೂ ಎಥನಾಲ್ ಆಗಿ ಟ್ಯಾಂಕು ಸೇರುತ್ತಿರುವುದು ರೈತನಿಗೆ ಒಳಿತು. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಆದ್ದರಿಂದ ಹಳೆಯ ಕಾರಿನ ಆವರೇಜ್ ನೂರಕ್ಕೆ ಐದಾರರಷ್ಟು ಇಳಿದರೆ ಮಿಸ್ತ್ರಿಯನ್ನು ದೂರಬೇಡಿರಿ. 2023ರ ಏಪ್ರಿಲ್‌ಗಿಂತ ಹಿಂದಿನ ಗಾಡಿಯಾದರೆ ಇಂಧನದ ರಬ್ಬರ್ ಪೈಪು, ಸೀಲುಗಳನ್ನು ಒಮ್ಮೆ ತಪಾಸಣೆ ಮಾಡಿಸಿರಿ.

ಕೊಳ್ಳುವ ಮೊದಲು

ಗಾಡಿಯನ್ನು ಬೆಳಿಗ್ಗೆ, ತಣ್ಣಗಿರುವಾಗಲೇ ನೋಡಬೇಕು. ಮೊದಲು ಬಾನೆಟ್ಟಿನ ಮೇಲೆ ಕೈಯಿಡಿರಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಯಾರೋ ಚಾಲು ಮಾಡಿದ್ದಾರೆಂದು ಅರ್ಥ. ತಣ್ಣನೆಯ ಎಂಜಿನ್ನು ತನ್ನ ರೋಗವನ್ನು ಮುಚ್ಚಿಡಲಾರದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೇರುತ್ತಿರಬಹುದು. ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ಜಿಗುಟು ಕಂಡರೆ ಅನುಮಾನ ಬಲವಾಗುತ್ತದೆ.

ರಾಷ್ಟ್ರೀಯ ಹೆದ್ದಾರಿ 65 ಉಮರ್ಗಾದ ಮೂಲಕವೇ ಸೊಲ್ಲಾಪುರ, ಹೈದರಾಬಾದುಗಳನ್ನು ಜೋಡಿಸುವುದರಿಂದ ಹೈದರಾಬಾದಿನ ಗಾಡಿಗಳು ನಮ್ಮಲ್ಲಿಗೆ ಸುಲಭವಾಗಿ ಬರುತ್ತವೆ. ಆ ನಗರದಲ್ಲಿ 2020ರ ಅಕ್ಟೋಬರ್‌ನಲ್ಲಿ ಮಹಾಪೂರ ಬಂದದ್ದು ನೆನಪಿರಲಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿರಿ. ಡಿಕ್ಕಿಯ ಸ್ಟೆಪ್ನಿ ಎತ್ತಿ ಕೆಳಗೆ ತುಕ್ಕಿದೆಯೇ ನೋಡಿರಿ. ನೀರಲ್ಲಿ ಮುಳುಗಿದ ಗಾಡಿಯ ವೈರಿಂಗ್ ಎಂದಾದರೊಮ್ಮೆ ಕಾಡದೆ ಬಿಡದು.

ಟ್ಯೂನಿಂಗ್ ಎಂದರೇನು?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಮಿಸ್ತ್ರಿ ಕಾರ್ಬ್ಯುರೇಟರಿನ ಸ್ಕ್ರೂ ತಿರುವಿ, ಪಾಯಿಂಟಿನ ಅಂತರ ತಿದ್ದಿ, ಕಿವಿಯಿಂದಲೇ ಎಂಜಿನ್ ಹೊಂದಿಸುತ್ತಿದ್ದ. ಇಂದು ಆ ಕೆಲಸವನ್ನು ಇಸಿಯು ಎಂಬ ಚಿಕ್ಕ ಗಣಕಯಂತ್ರ ಮಾಡುತ್ತದೆ. ಹಾಗಾಗಿ ಹಳೆಯ ಕಾರಿಗೆ ಟ್ಯೂನಿಂಗ್ ಎಂದರೆ ಹೊಸ ಶಕ್ತಿ ತುಂಬುವುದಲ್ಲ, ಕಳೆದುಕೊಂಡ ಆರೋಗ್ಯವನ್ನು ಮರಳಿಸುವುದು. ಪೆಟ್ರೋಲಿಗೆ ಹೊಸ ಪ್ಲಗ್ಗು, ಏರ್ ಫಿಲ್ಟರ್, ಥ್ರಾಟಲ್ ಬಾಡಿಯ ಶುಚಿ, ಅಗತ್ಯವಿದ್ದರೆ ಟ್ಯಾಪೆಟ್ ಹೊಂದಾಣಿಕೆ. ಡೀಸೆಲಿಗೆ ಡೀಸೆಲ್ ಫಿಲ್ಟರ್, ಅದರಲ್ಲಿ ನಿಂತ ನೀರು ಬಸಿಯುವುದು, ಟರ್ಬೊ ಪೈಪಿನ ಸೋರಿಕೆ, ಇಂಜೆಕ್ಟರ್ ಪರೀಕ್ಷೆ. ನಮ್ಮ ಎರೆಮಣ್ಣಿನ ಧೂಳು, ರಾಶಿಯ ಹೊಟ್ಟು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತವೆ; ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮೊದಲೇ ಬದಲಿಸುವುದು ಲೇಸು.

ಇಸಿಯುವಿನ ಲೆಕ್ಕವನ್ನೇ ತಿದ್ದಿ ಪಿಕಪ್ ಹೆಚ್ಚಿಸುತ್ತೇವೆ ಎನ್ನುವವರೂ ಇದ್ದಾರೆ. ಒಂದು ಲಕ್ಷ ಕಿಲೋಮೀಟರ್ ಓಡಿದ ಕ್ಲಚ್ಚು, ಟರ್ಬೊಗಳ ಮೇಲೆ ಹೊಸ ಭಾರ ಹಾಕುವುದು ಜಾಣತನವಲ್ಲ. ವಿಮೆಯ ಹಣ ಕೇಳುವಾಗಲೂ ಅದು ತೊಡಕಾಗಬಹುದು.

ಗಡಿಯ ಕಾಗದಪತ್ರ

ಬೀದರಿನ ಕೆಎ-38 ಪಾಸಿಂಗ್ ಗಾಡಿ ಲಾತೂರಿನ ಎಂಎಚ್-24 ಗಾಡಿಗಿಂತ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಲೆಕ್ಕ ಪೂರ್ತಿ ಮಾಡಿರಿ. ಕರ್ನಾಟಕದ ಆರ್‌ಟಿಓದಿಂದ ಫಾರ್ಮ್ 28ರ ಮೂಲಕ ನಿರಾಕ್ಷೇಪಣಾ ಪತ್ರ ತರಬೇಕು. ಮಹಾರಾಷ್ಟ್ರದ ತೆರಿಗೆ ತುಂಬಬೇಕು. ಹೊಸ ನಂಬರು ಪಡೆಯಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಹೊಸ ನೋಂದಣಿ ಕಡ್ಡಾಯವೆಂದು 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮು ಹೇಳುತ್ತದೆ. ಅಲ್ಲಿ ತುಂಬಿದ ಆಜೀವ ತೆರಿಗೆಯ ಉಳಿದ ಪಾಲನ್ನು ಮರಳಿ ಕೇಳಲು ಅವಕಾಶವಿದೆ. ಆ ಹಣ ಯಾರಿಗೆಂದು ಚೌಕಾಸಿಯಲ್ಲಿಯೇ ತೀರ್ಮಾನವಾಗಲಿ. ಹಿಂದಿನ ಸಾಲವಿದ್ದರೆ ಬ್ಯಾಂಕಿನ ಸಹಿಯುಳ್ಳ ಫಾರ್ಮ್ 35 ಬೇಕು. ಮಾಲೀಕತ್ವ ಬದಲಿಸಲು ಫಾರ್ಮ್ 29, 30 ಬೇಕು.

"ಬೀಗರದೇ ಗಾಡಿ, ಹೆಸರು ಆಮೇಲೆ ಬದಲಿಸೋಣ" ಎಂಬ ಮಾತು ನಮ್ಮಲ್ಲಿ ತೀರ ಸಾಮಾನ್ಯ. ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಮಾರಿದ ಬೀಗರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ; ನಿಮ್ಮ ಗಾಡಿಯ ನಷ್ಟ ಕಟ್ಟಿಕೊಡಲು ವಿಮಾ ಕಂಪನಿ ನಿರಾಕರಿಸಬಹುದು. ಒಂದು ಸಹಿ ತಡವಾದದ್ದಕ್ಕೆ ಎರಡು ಮನೆಗಳ ನಡುವಿನ ನಂಟು ಹಳಸುತ್ತದೆ.

ಕೊನೆಗೆ, ದಿನಾಲು ಹೆದ್ದಾರಿಯಲ್ಲಿ ಓಡುವವರು ಚೆನ್ನಾಗಿ ನೋಡಿಕೊಂಡ ಡೀಸೆಲ್ ಗಾಡಿ ಕೊಳ್ಳಲಿ. ವಾರಕ್ಕೊಮ್ಮೆ ಊರು, ಹಬ್ಬಕ್ಕೊಮ್ಮೆ ಬೀಗರ ಮನೆ ಎನ್ನುವವರಿಗೆ ಪೆಟ್ರೋಲೇ ಸಾಕು. ಯಾವುದೇ ಇರಲಿ, ಸಂಚಕಾರ ಕೊಡುವ ಮೊದಲು ನಂಬಿಕೆಯ ಮಿಸ್ತ್ರಿಗೆ ತೋರಿಸಿರಿ. ಮತ್ತು ಗಾಡಿಗೆಂದು ತೆಗೆದಿಟ್ಟ ಹಣದಲ್ಲಿ ಹತ್ತನೆಯ ಒಂದು ಪಾಲನ್ನು ಮೊದಲ ದುರಸ್ತಿಗೆ ಮುಟ್ಟದೆ ಉಳಿಸಿರಿ. ಹಳೆಯ ಗಾಡಿ ಆ ಪಾಲನ್ನು ಬೇಗನೇ ಕೇಳುತ್ತದೆ.