ಮೊದಲು ಓದುಗ, ಆಮೇಲೆ ಪುಸ್ತಕ

ಈಚೆಗೊಂದು ಮಧ್ಯಾಹ್ನ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಗೆ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ ತನ್ನ ಒಂಬತ್ತು ಕಥೆಗಳ ಹಸ್ತಪ್ರತಿಯೊಡನೆ ಬಂದನು. ಕಥೆಗಳು ಹೇಗಿವೆಯೆಂದು ಅವನು ಕೇಳಲಿಲ್ಲ. ಇವನ್ನು ಇಂಗ್ಲಿಷಿಗೆ ಯಾರಿಂದ ಅನುವಾದ ಮಾಡಿಸಬಹುದೆಂದು ಕೇಳಿದನು. ನಗು ಬಂದಿತಾದರೂ ನಗಲಿಲ್ಲ. ಅವನ ಕೈಯಲ್ಲಿ ಇನ್ನೊಂದು ಕಾಗದವಿತ್ತು. ಅದು ಪ್ರಕಾಶಕರೊಬ್ಬರು ಕಳಿಸಿದ ಕರಾರುಪತ್ರ. ಅಚ್ಚಿನ ವೆಚ್ಚವನ್ನು ಲೇಖಕನೇ ಭರಿಸತಕ್ಕದ್ದು, ಕೃತಿಯ ಸಕಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರಿಗೆ ಸೇರತಕ್ಕದ್ದು, ಎಂಬುದು ಅದರ ಸಾರ. ಅಂದು ಅವನಿಗೆ ಹೇಳಿದ ಮಾತುಗಳು ಇತರ ತರುಣ ಲೇಖಕರಿಗೂ ಉಪಯೋಗವಾದೀತೆಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಹುಡುಗನ ಕನಸು ಎಲ್ಲಿಂದ ಬಂದಿತೆಂಬುದು ಸ್ಪಷ್ಟವೇ ಇದೆ. 2025ರ ಮೇ 20ರಂದು ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಲಂಡನ್ನಿನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿಯನ್ನು ಪಡೆಯಿತು. ಆ ಗೌರವ ಕನ್ನಡಕ್ಕೆ ಸಂದುದು ಅದೇ ಮೊದಲು. ಸಣ್ಣಕಥೆಗಳ ಸಂಕಲನವೊಂದಕ್ಕೆ ಸಂದುದೂ ಅದೇ ಮೊದಲು. 50,000 ಪೌಂಡುಗಳ ಬಹುಮಾನ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮಪಾಲಾಯಿತು. ನಾವೆಲ್ಲ ಹಿಗ್ಗಿದೆವು, ಹಿಗ್ಗಬೇಕಾದುದೇ. ಆದರೆ ಹಿಗ್ಗಿನ ಭರದಲ್ಲಿ ಆ ಗೌರವ ನಡೆದುಬಂದ ದಾರಿಯನ್ನು ಅಳೆಯುವುದನ್ನು ಮರೆತೆವು. ಬಾನು ಅವರ ಮೊದಲ ಕಥೆ ‘ಪ್ರಜಾಮತ’ ಪತ್ರಿಕೆಯಲ್ಲಿ ಅಚ್ಚಾದುದು 1970ರ ದಶಕದಲ್ಲಿ. ಆ ಸಂಕಲನದ ಹನ್ನೆರಡು ಕಥೆಗಳನ್ನು ಅವರು ಬರೆದುದು 1990ರಿಂದ 2023ರವರೆಗೆ. ಲಂಡನ್ನಿನ ತೀರ್ಪುಗಾರರು ಓದುವ ಎಷ್ಟೋ ಮೊದಲೇ ಅವುಗಳಿಗೆ ಕನ್ನಡದಲ್ಲಿ ಓದುಗರಿದ್ದರು, ಒಪ್ಪುವವರಿದ್ದರು, ಸಿಟ್ಟಾಗುವವರೂ ಇದ್ದರು.

ನಮ್ಮ ಭಾಷೆಯಲ್ಲಿ ಕಥನ ಬೆಳೆದುದೇ ಹೀಗೆ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಕೊಂಡು ಪುಸ್ತಕಗಳನ್ನು ಹೊರತಂದಿತು. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾದುದು ಆ ಮಾಲೆಯಲ್ಲಿಯೇ, ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದುದು 1976ರಲ್ಲಿ. ಈ ಹನ್ನೊಂದು ವರ್ಷಗಳ ಅಂತರದಲ್ಲಿ ಕನ್ನಡ ವಾಚಕರು ಆ ಕಾದಂಬರಿಯನ್ನು ಜಗಳವಾಡಿ ತಮ್ಮದಾಗಿಸಿಕೊಂಡಿದ್ದರು.

ಇಂದು ಪುಸ್ತಕ ಮಾಡುವುದು ಸುಲಭ. ಬೇಕಾದರೆ ನೂರೇ ಪ್ರತಿಗಳನ್ನು ಅಚ್ಚುಹಾಕಿಸಬಹುದು. ಕಷ್ಟವಾಗಿರುವುದು ಓದಿಸಿಕೊಳ್ಳುವುದು. ಪತ್ರಿಕೆಗಳಲ್ಲಿ ಕಥೆಯ ಜಾಗ ಕಿರಿದಾಗುತ್ತ ಬಂದಂತೆಲ್ಲ, ಹಸ್ತಪ್ರತಿಯನ್ನು ಓದಿ ತಿದ್ದುವ ಸಂಪಾದಕನೆಂಬ ಮೊದಲ ಓದುಗನೂ ದೂರವಾಗುತ್ತಿದ್ದಾನೆ. ನಾನು ಇಪ್ಪತ್ತಮೂರರ ಹರೆಯದಲ್ಲಿದ್ದಾಗ ಒಂದು ಕಥೆಯನ್ನು ಪತ್ರಿಕೆಗೆ ಕಳಿಸಿದ್ದೆ. ಅದರಲ್ಲೊಬ್ಬ ತಾಯಿ ಪುಟಪುಟಕ್ಕೂ ಅಳುತ್ತಿದ್ದಳು. ಸಂಪಾದಕರು ಕಥೆಯನ್ನು ಹಿಂದಿರುಗಿಸಿ ಒಂದೇ ಸಾಲು ಬರೆದಿದ್ದರು: ಈಕೆ ಅಳದಿರುವಾಗ ಏನು ಕೆಲಸ ಮಾಡುತ್ತಾಳೆ? ಒಂದು ವಾರ ಕೋಪಿಸಿಕೊಂಡೆ. ಆಮೇಲೆ ನಮ್ಮ ಬೀದಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಬಳಿ ಹೋಗಿ ಕುಳಿತು, ಎಲೆ ಕತ್ತರಿಸುವುದು ಹೇಗೆ, ಕೂಲಿ ಲೆಕ್ಕಹಾಕುವುದು ಹೇಗೆ ಎಂದು ಕೇಳಿ ತಿಳಿದು, ಕಥೆಯನ್ನು ಮೊದಲಿನಿಂದ ಬರೆದೆ. ಅದು ಅಚ್ಚಾಯಿತು. ನಾನು ಎಂ.ಎ. ತರಗತಿಯಲ್ಲಿ ಕಲಿತ ಕಾವ್ಯಮೀಮಾಂಸೆಗಿಂತ ಆ ಒಂದು ಸಾಲು ನನಗೆ ಹೆಚ್ಚನ್ನು ಕಲಿಸಿತೆಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಬುದ್ಧಿ ಬಂದುದು ಬರವಣಿಗೆಯಲ್ಲಿ ಮಾತ್ರ. ಇಪ್ಪತ್ತಾರರಲ್ಲಿ ನನ್ನ ಸಂಕಲನಕ್ಕೆ ನಾನೇ ಹಣ ಕೊಟ್ಟು, ಈ ಹುಡುಗನ ಕೈಯಲ್ಲಿದ್ದಂಥದೇ ಕಾಗದಕ್ಕೆ ಓದದೆ ಸಹಿ ಹಾಕಿದೆ. ಪ್ರತಿಗಳು ಬಹುಕಾಲ ಮಂಚದ ಕೆಳಗಿದ್ದವು. ಕೆಲವು ವರ್ಷಗಳ ಮೇಲೆ ಅದೇ ಬೀಡಿ ಕಟ್ಟುವವಳ ಕಥೆಯನ್ನು ಅನುವಾದಿಸಲು ಒಬ್ಬರು ಅನುಮತಿ ಕೇಳಿದಾಗ, ಕೊಡುವ ಅಧಿಕಾರ ನನ್ನಲ್ಲಿರಲಿಲ್ಲ. ಪ್ರಕಾಶಕರಿಗೆ ಬರೆದ ಮೂರು ಪತ್ರಗಳಿಗೂ ಉತ್ತರ ಬರಲಿಲ್ಲ. ಕಥೆ ಅಲ್ಲಿಯೇ ಉಳಿಯಿತು.

ಆದುದರಿಂದ ತರುಣರು ಕಾನೂನನ್ನು ಅಷ್ಟಿಷ್ಟು ತಿಳಿದಿರುವುದು ಒಳ್ಳೆಯದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. ಆದರೆ ಈ ರಕ್ಷಣೆ ಕಾಗದ ಮೌನವಾಗಿದ್ದಾಗ ಮಾತ್ರ. ‘ಶಾಶ್ವತ’ವೆಂಬ ಪದದ ಕೆಳಗೆ ಸಹಿ ಹಾಕಿದವನಿಗೆ ಅದು ದೊರೆಯದು. ಕೃತಿಸ್ವಾಮ್ಯ ಲೇಖಕನ ಜೀವಿತಕಾಲವಲ್ಲದೆ ಮುಂದೆ 60 ವರ್ಷ ಬಾಳುವಂಥದು. ಮೊಮ್ಮಕ್ಕಳವರೆಗೂ ಸಲ್ಲಬಹುದಾದ ಆಸ್ತಿ. ಮುದ್ರಣದ ಹಕ್ಕನ್ನು ಇಂತಿಷ್ಟು ವರ್ಷಕ್ಕೆ ಕೊಡಿ; ಅನುವಾದ, ನಾಟಕ, ಚಲನಚಿತ್ರ, ಧ್ವನಿಪುಸ್ತಕಗಳ ಹಕ್ಕುಗಳನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿ. ಸಭ್ಯ ಪ್ರಕಾಶಕರು ಇದಕ್ಕೆ ಬೇಸರಿಸುವುದಿಲ್ಲ.

ಇನ್ನುಳಿದ ದಾರಿ ನಿಧಾನದ್ದು. ಪುರವಣಿಗಳಿಗೂ ವಿಶೇಷಾಂಕದ ಸ್ಪರ್ಧೆಗಳಿಗೂ ಒಂದೊಂದೇ ಕಥೆಯನ್ನು ಕಳಿಸಿ. ಹಿಂದಿರುಗಿ ಬಂದುದನ್ನು ಅಪಮಾನವೆಂದು ತಿಳಿಯದೆ ಮತ್ತೊಮ್ಮೆ ಓದಿ. ಮುಖಸ್ತುತಿ ಮಾಡದ ಇಬ್ಬರು ಗೆಳೆಯರನ್ನು ಸಂಪಾದಿಸಿ. ಕಥೆಗಳು ಸಂಕಲನವಾಗುವಷ್ಟಾದಾಗ ಕನ್ನಡ ಪುಸ್ತಕ ಪ್ರಾಧಿಕಾರವು ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ವಿಚಾರಿಸಿ. ಛಂದ ಪುಸ್ತಕದಂಥ ಪ್ರಕಾಶನಗಳು ಹೊಸ ಕಥೆಗಾರರ ಹಸ್ತಪ್ರತಿಗಳನ್ನು ಆಯ್ದು ಪ್ರಕಟಿಸಿದ್ದುಂಟು. ಅನುವಾದಕರನ್ನು ನೀವು ಹುಡುಕುವ ಅಗತ್ಯವಿಲ್ಲ. ಕನ್ನಡದಲ್ಲಿ ಉಳಿದ ಕಥೆಯನ್ನು ಅವರು ಹುಡುಕಿಕೊಂಡು ಬರುತ್ತಾರೆ. ಬಂದಾಗ ಒಪ್ಪಿಗೆ ಕೊಡುವ ಅಧಿಕಾರ ನಿಮ್ಮಲ್ಲಿರಬೇಕು, ಅಷ್ಟೆ.

ಹುಡುಗ ಎಲ್ಲವನ್ನೂ ಕೇಳಿ ಕರಾರುಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದನು. ಸಹಿ ಹಾಕಿದನೋ ಇಲ್ಲವೋ ತಿಳಿಯದು. ಒಂಬತ್ತರಲ್ಲಿ ಒಂದು ಕಥೆಯನ್ನು, ಅವನ ಊರಿನ ಹಿಟ್ಟಿನ ಗಿರಣಿಯದನ್ನು, ನಾನು ಕೇಳಿ ಇಟ್ಟುಕೊಂಡಿದ್ದೇನೆ. ಚೆನ್ನಾಗಿದೆ. ಅಂಚಿನಲ್ಲಿ ಎರಡು ಪ್ರಶ್ನೆಗಳನ್ನು ಬರೆದಿದ್ದೇನೆ, ಸೋಮವಾರ ಕೊಡಬೇಕು.