ನೋಟ್ಸ್ ಬರೆಸಿದರೆ ಗುಡ್ಡ ಅರ್ಥವಾಗುವುದಿಲ್ಲ

‘ನೂರಿಪ್ಪತ್ತು ಮಂದಿ ತುಂಬಿರುವ ತರಗತಿಯಲ್ಲಿ ನೋಟ್ಸ್ ಬರೆಸದೆ ಮತ್ತೇನು ಮಾಡಲು ಸಾಧ್ಯ?’ ಪದವಿ ಕಾಲೇಜಿನಲ್ಲಿ ಪರಿಸರ ಅಧ್ಯಯನ ಕಲಿಸುವವರನ್ನು ಕೇಳಿದರೆ ಹೆಚ್ಚಾಗಿ ಈ ಮರುಪ್ರಶ್ನೆಯೇ ಉತ್ತರವಾಗಿ ಬರುತ್ತದೆ. ಕೆಲವು ವರ್ಷ ನಾನೂ ಇದನ್ನೇ ಹೇಳಿಕೊಂಡು ದಿನ ದೂಡಿದವನು. ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳನ್ನು ಒಂದೇ ಸಭಾಂಗಣಕ್ಕೆ ತುಂಬಿಸಿ, ಹಿಂದಿನ ಬೆಂಚಿಗೆ ಸ್ವರ ತಲುಪಲೆಂದು ಗಂಟಲು ಹರಿದುಕೊಂಡು, ‘ಭೂಕುಸಿತ ಎಂದರೆ’ ಎಂದು ಅಲ್ಪವಿರಾಮ, ಪೂರ್ಣವಿರಾಮ ಸಹಿತ ಬರೆಸಿದವನು. ಹಾಗಾಗಿ ಇಲ್ಲಿರುವ ಬೈಗುಳದಲ್ಲಿ ನನ್ನ ಪಾಲೂ ಇದೆ.

ಭೂವಿಜ್ಞಾನ ವಿಭಾಗ ಇರುವ ಕಾಲೇಜುಗಳು ನಮ್ಮಲ್ಲಿ ತೀರಾ ಕಡಿಮೆ. ಕಾಲೇಜಿಗೆ ಬರುವ ಬಹುಪಾಲು ಮಕ್ಕಳಿಗೆ ಕಲ್ಲು, ಮಣ್ಣು, ಅಂತರ್ಜಲ, ಭೂಕಂಪಗಳ ಬಗ್ಗೆ ಒಂದಿಷ್ಟು ಕಲಿಯುವ ಕೊನೆಯ ಅವಕಾಶವೆಂದರೆ ಈ ಕಡ್ಡಾಯ ಪತ್ರಿಕೆಯೇ. ಎಂ.ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತು. ಯುಜಿಸಿ ಅದಕ್ಕಾಗಿ ಆರು ತಿಂಗಳ ಪಠ್ಯಕ್ರಮ ಸಿದ್ಧಪಡಿಸುವಾಗ ಒಂದು ದಶಕವೇ ಕಳೆದಿತ್ತು. ಆ ಪಠ್ಯಕ್ರಮವನ್ನು ಓದಿದವರಿಗೆ ಆಶ್ಚರ್ಯವಾಗಬಹುದು. ಖನಿಜ ಸಂಪನ್ಮೂಲ, ನೀರು, ಭೂಕಂಪ, ಭೂಕುಸಿತ ಎಲ್ಲವೂ ಅದರಲ್ಲಿತ್ತು. ಐವತ್ತು ತರಗತಿಗಳಲ್ಲಿ ಐದನ್ನು ಹೊರಗೆ ಹೋಗಿ ನೋಡುವುದಕ್ಕೆಂದೇ ಮೀಸಲಿಟ್ಟು, ನೂರರಲ್ಲಿ ಇಪ್ಪತ್ತೈದು ಅಂಕಗಳನ್ನೂ ಅದಕ್ಕೆ ಕೊಟ್ಟಿತ್ತು. ಕಾಗದದ ಮೇಲೆ ಒಳ್ಳೆಯ ಆಲೋಚನೆ. ನಾವು ಅದನ್ನು ಏನು ಮಾಡಿದೆವು? ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ನೋಡಿ ನಕಲು ಮಾಡಿಸಿ, ಸಹಿ ಹಾಕಿ, ಅಂಕ ಕೊಟ್ಟೆವು.

ಇದರಿಂದೇನು ನಷ್ಟ ಎಂದು ಕೇಳಬಹುದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಮನುಷ್ಯರನ್ನೂ ಲಾರಿಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಎರಡು ವಾರ ಕಳೆಯುವಷ್ಟರಲ್ಲಿ ವಯನಾಡಿನ ಚೂರಲ್‌ಮಲ, ಮುಂಡಕೈ ಊರುಗಳು ಕೊಚ್ಚಿಹೋದವು. ನಮ್ಮ ಬೆಂಚುಗಳಲ್ಲಿ ಕೂತಿರುವವರು ಇಂಥ ಗುಡ್ಡಗಳ ಬುಡದಿಂದಲೇ ಬಸ್ಸು ಹಿಡಿದು ಬರುವವರು. ನಾಳೆ ಮನೆ ಕಟ್ಟುವಾಗ ಜೆಸಿಬಿಯಿಂದ ಗುಡ್ಡದ ಬುಡ ಎಷ್ಟು ಕಡಿಯಬೇಕೆಂದು ತೀರ್ಮಾನಿಸುವವರೂ, ಪಂಚಾಯತಿನಲ್ಲಿ ಕೂತು ಪರವಾನಗಿ ಕೊಡುವವರೂ ಇವರೇ. ಗುಡ್ಡ ಯಾಕೆ ಜಾರುತ್ತದೆ ಎಂದು ಕೇಳಿದರೆ ‘ಮರ ಕಡಿದದ್ದರಿಂದ ಸರ್’ ಎನ್ನುತ್ತಾರೆ. ಅದರಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಅದು ಪ್ರಾಥಮಿಕ ಶಾಲೆಯ ಗೋಡೆಬರಹದಿಂದ ಕಲಿತದ್ದು. ನಾವು ಕಲಿಸಿದ್ದೇನು?

ತರಗತಿ ದೊಡ್ಡದಾದ್ದರಿಂದ ಬೇರೆ ದಾರಿಯಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಹಾರ್ವರ್ಡಿನ ಭೌತವಿಜ್ಞಾನದ ಅಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲೇ ದೊಡ್ಡ ತರಗತಿಗಳಲ್ಲಿ ಉಪನ್ಯಾಸ ಕಡಿಮೆ ಮಾಡಿ ಪ್ರಶ್ನೆ ಕೇಳತೊಡಗಿದರು. ಮೊದಲು ಪ್ರತಿಯೊಬ್ಬನೂ ತಾನೇ ಯೋಚಿಸಿ ಒಂದು ಉತ್ತರ ಆರಿಸಬೇಕು. ಆಮೇಲೆ ಪಕ್ಕದವನೊಂದಿಗೆ ವಾದಿಸಬೇಕು. ನಂತರ ಮತ್ತೊಮ್ಮೆ ಉತ್ತರ ಹೇಳಬೇಕು. ಅಧ್ಯಾಪಕ ವಿವರಿಸುವುದು ಅದಾದ ಮೇಲೆ. 2014ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ ಬಗೆಗಿನ 225 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಭೂವಿಜ್ಞಾನವೂ ಅದರಲ್ಲಿತ್ತು. ಬರೇ ಉಪನ್ಯಾಸ ನಡೆದಲ್ಲಿ ಸರಾಸರಿ ಶೇ. 34ರಷ್ಟು ಮಂದಿ ಅನುತ್ತೀರ್ಣರಾದರೆ, ವಿದ್ಯಾರ್ಥಿಗಳನ್ನು ಕೆಲಸಕ್ಕೆ ಹಚ್ಚಿದಲ್ಲಿ ಶೇ. 22ರಷ್ಟು. ಸಣ್ಣ ತರಗತಿಗಳಲ್ಲಿ ಲಾಭ ಹೆಚ್ಚಿತ್ತು, ನಿಜ. ದೊಡ್ಡವುಗಳಲ್ಲೂ ಲಾಭ ಇದ್ದೇ ಇತ್ತು. ಇದಕ್ಕೆ ಸ್ಮಾರ್ಟ್ ಬೋರ್ಡು ಬೇಕಿಲ್ಲ. ಎದೆಯ ಹತ್ತಿರ ಒಂದು, ಎರಡು ಅಥವಾ ಮೂರು ಬೆರಳು ತೋರಿಸಿದರೆ ಸಾಕು.

ನಾನು ಮಾಡಿ ನೋಡಿದ್ದನ್ನು ಹೇಳುತ್ತೇನೆ. ಮಳೆಗೆ ಗುಡ್ಡ ಜಾರುವುದೇಕೆ? ಒಂದು, ನೀರು ಎಣ್ಣೆಯಂತೆ ಮಣ್ಣನ್ನು ನುಣುಪಾಗಿಸುತ್ತದೆ. ಎರಡು, ನೀರು ಕುಡಿದ ಮಣ್ಣು ಭಾರವಾಗುತ್ತದೆ. ಮೂರು, ಮಣ್ಣಿನ ಕಣಗಳ ನಡುವೆ ತುಂಬಿದ ನೀರು ಅವುಗಳನ್ನು ದೂರ ತಳ್ಳಿ ಹಿಡಿತ ತಪ್ಪಿಸುತ್ತದೆ. ಸಭಾಂಗಣದ ತುಂಬ ಒಂದೊಂದೇ ಬೆರಳು ಎದ್ದಿತು. ಆಗ ಮೇಜಿನ ಮೇಲೆ ಇನ್ನೊಂದು ಮೇಜು ಇಟ್ಟು, ಒಂದು ಲೋಟ ಒಣ ಮರಳನ್ನು ತಟ್ಟೆಗೆ ಮಗುಚಿದೆ. ಅದು ಹರಡಿಕೊಂಡಿತು. ಚೂರು ಒದ್ದೆ ಮಾಡಿದ ಮರಳನ್ನು ಮಗುಚಿದೆ. ಲೋಟದ ಆಕಾರದಲ್ಲೇ ನಿಂತಿತು. ಕಡಲ ಬದಿಯಲ್ಲಿ ಮರಳಿನ ಮನೆ ಕಟ್ಟಿದ ಮಕ್ಕಳಿಗೆ ಇದು ಹೊಸತಲ್ಲ. ‘ನೀರು ನುಣುಪಾಗಿಸುವುದಾದರೆ ಇದು ಯಾಕೆ ನಿಂತಿದೆ?’ ಎಂದು ಕೇಳಿ ಸುಮ್ಮನಾದೆ. ಮೂರು ನಿಮಿಷ ಮೀನಿನ ಮಾರುಕಟ್ಟೆಯಷ್ಟು ಗದ್ದಲ. ಆಮೇಲೆ ಅದರ ಮೇಲೆ ನಿಧಾನವಾಗಿ ನೀರು ಹೊಯ್ದೆ. ಮರಳು ಕುಸಿದು ತಟ್ಟೆಯಿಂದಾಚೆ ಹರಿಯಿತು. ಸ್ವಲ್ಪ ನೀರು ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ತುಂಬಿದ ನೀರು ಬಿಡಿಸುತ್ತದೆ ಎಂಬುದನ್ನು ಹೇಳಿದವರು ಅವರೇ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ತಮ್ಮ ಬಾವಿ ತೋಡುವಾಗ ಕೆಂಪುಕಲ್ಲಿನ ಕೆಳಗೆ ಶೇಡಿ ಮಣ್ಣು ಸಿಕ್ಕಿತ್ತು, ಒಣಗಿದಾಗ ಹಾರೆಗೂ ಜಗ್ಗದ ಆ ಮಣ್ಣು ಮಳೆಗಾಲದಲ್ಲಿ ಗಂಜಿಯಂತಾಗಿ ಬಾವಿಯ ಬದಿ ಜರಿಯಿತು ಎಂದಳು. ನನ್ನ ನೋಟ್ಸಿನಲ್ಲಿ ಶೇಡಿ ಮಣ್ಣು ಇರಲೇ ಇಲ್ಲ. ಕರಾವಳಿಯಲ್ಲಿ ಗುಡ್ಡದ ಬುಡ ಕಡಿದವರು ಬಹಳಷ್ಟು ಕಡೆ ಕಡಿದಿರುವುದು ಅದನ್ನೇ.

ನಮ್ಮ ಪುಸ್ತಕಗಳ ದಾರಿದ್ರ್ಯವೂ ಇಲ್ಲೇ ಇದೆ. ಜ್ವಾಲಾಮುಖಿ ಎಂದರೆ ಹವಾಯಿಯ ಚಿತ್ರ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೆಲ್ಫಿ ತೆಗೆದುಕೊಂಡು ಬರುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ, ಎಂಟು ಕೋಟಿ ವರ್ಷಕ್ಕೂ ಹಳೆಯ ಲಾವಾ ಎಂದು ಆ ಹುಡುಗರಿಗೆ ಯಾರು ಹೇಳಿದ್ದಾರೆ? ಮನೆಯ ಗೋಡೆಯಲ್ಲಿರುವ ಕೆಂಪುಕಲ್ಲಿಗೆ ಜಗತ್ತೇ ಬಳಸುವ ‘ಲ್ಯಾಟರೈಟ್’ ಎಂಬ ಹೆಸರನ್ನು 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಕೊಟ್ಟದ್ದು ಪಕ್ಕದ ಮಲಬಾರಿನ ಅಂಗಾಡಿಪುರದ ಕಲ್ಲು ನೋಡಿ. ಇವನ್ನೆಲ್ಲ ಬಿಟ್ಟು ದೂರದ ಬೆಂಕಿಬೆಟ್ಟಗಳ ಹೆಸರು ಬಾಯಿಪಾಠ ಮಾಡಿಸುತ್ತೇವೆ.

‘ಪೋರ್ಶನ್ ಮುಗಿಯುವುದಿಲ್ಲ’ ಎನ್ನುವವರಿಗೆ ನನ್ನದು ಒಂದೇ ಪ್ರಶ್ನೆ: ಈಗ ಮುಗಿಯುತ್ತಿರುವುದು ಯಾರದ್ದು, ಅಧ್ಯಾಪಕರದೋ ಮಕ್ಕಳದೋ? ಇನ್ನೊಂದು ಆಕ್ಷೇಪ ಗಂಭೀರವಾದದ್ದು. ವಿದ್ಯಾರ್ಥಿಗಳೇ ಇದನ್ನು ಇಷ್ಟಪಡುವುದಿಲ್ಲ. ‘ಸರ್ ಪಾಠ ಮಾಡುವುದಿಲ್ಲ, ನಮ್ಮನ್ನೇ ಕೇಳುತ್ತಾರೆ’ ಎಂಬ ದೂರು ನನ್ನ ಮೇಲೂ ಹೋಗಿದೆ. 2019ರಲ್ಲಿ ಹಾರ್ವರ್ಡಿನಲ್ಲಿ ನಡೆದ ಅಧ್ಯಯನವೊಂದರಲ್ಲಿ, ಚಟುವಟಿಕೆಯಿಂದ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರೂ ತಾವು ಕಡಿಮೆ ಕಲಿತೆವೆಂದೇ ಭಾವಿಸಿದ್ದರು. ನಿರರ್ಗಳ ಉಪನ್ಯಾಸ ಕೇಳಿದವನಿಗೆ ಎಲ್ಲ ಅರ್ಥವಾದಂತೆ ಅನ್ನಿಸುತ್ತದೆ. ಮೊದಲ ದಿನವೇ ಇದನ್ನು ವಿದ್ಯಾರ್ಥಿಗಳಿಗೆ ತಿಳಿಸಿ ಹೇಳಬೇಕು.

ಆದರೆ ಎಲ್ಲವನ್ನೂ ಅಧ್ಯಾಪಕನ ತಲೆಗೆ ಕಟ್ಟುವುದು ಅನ್ಯಾಯ. ಈ ಪತ್ರಿಕೆಯನ್ನು ವಿಷಯ ಗೊತ್ತಿದ್ದವರಿಗೆ ಕೊಡುವುದಕ್ಕಿಂತ, ಕಾರ್ಯಭಾರ ಕಡಿಮೆ ಇರುವವರ ಕುತ್ತಿಗೆಗೆ ಕಟ್ಟುವುದೇ ಹೆಚ್ಚು. ತಿಂಗಳುಗಟ್ಟಲೆ ಗೌರವಧನ ಕಾಯುವ ಅತಿಥಿ ಉಪನ್ಯಾಸಕ ಮರಳು, ಲೋಟ ಹೊತ್ತು ತರಲಿ ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ. ಪ್ರಶ್ನೆಪತ್ರಿಕೆಯೋ ವ್ಯಾಖ್ಯೆಯನ್ನೇ ಕೇಳುತ್ತದೆ. ‘ಭೂಕುಸಿತಕ್ಕೆ ನಾಲ್ಕು ಕಾರಣ ಬರೆಯಿರಿ’ ಎಂದು ಕೇಳುವವರೆಗೂ ನಾಲ್ಕು ಕಾರಣ ಬರೆಸುವವನೇ ಒಳ್ಳೆಯ ಮೇಷ್ಟ್ರು. ಒಂದು ಗುಡ್ಡದ ಚಿತ್ರ ಕೊಟ್ಟು, ಮನೆಯನ್ನು ಎಲ್ಲಿ ಕಟ್ಟಬಾರದು, ಯಾಕೆ ಎಂದು ಕೇಳಲು ವಿಶ್ವವಿದ್ಯಾನಿಲಯಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ನಮ್ಮ ಕಾಲೇಜಿನ ಹಿಂದೆ ಹತ್ತು ನಿಮಿಷದ ನಡಿಗೆಯಲ್ಲಿ ಒಂದು ಕೆಂಪುಕಲ್ಲಿನ ಕೋರೆಯಿದೆ. ಮೇಲೆ ಗಟ್ಟಿ ಕಲ್ಲು, ಅದರಡಿ ಶೇಡಿ, ಎರಡರ ನಡುವೆ ನೀರು ಜಿನುಗುವ ಗೆರೆ, ಎಲ್ಲವೂ ತೆರೆದಿಟ್ಟಂತೆ ಕಾಣುತ್ತದೆ. ನೂರಿಪ್ಪತ್ತು ಮಂದಿಯನ್ನು ಮೂರು ತಂಡ ಮಾಡಿ ಬೇಸಿಗೆಯಲ್ಲಿ ಕರೆದೊಯ್ಯಲು ಬೇಕಾದದ್ದು ಮೂರು ಪಿರಿಯಡ್ ಮತ್ತು ಕಚೇರಿಯ ಒಂದು ಸಹಿ. ಆ ಸಹಿಗಾಗಿ ಈವರೆಗೆ ಎರಡು ಅರ್ಜಿ ಕೊಟ್ಟಿದ್ದೇನೆ.