ಲೆಕ್ಕಕ್ಕೆ ಸಿಗದ ಮೂರ್ಛೆರೋಗ

ಮೂರ್ಛೆರೋಗ ನಮ್ಮಲ್ಲಿ ಎಷ್ಟು ಜನಕ್ಕಿದೆ? ಈ ಪ್ರಶ್ನೆಗೆ ಉತ್ತರ ಮನೆಬಾಗಿಲಲ್ಲೇ ತಪ್ಪಿಹೋಗುತ್ತದೆ. ಸಮೀಕ್ಷೆಗೆ ಬಂದ ಆರೋಗ್ಯ ಕಾರ್ಯಕರ್ತೆ ‘ಮನೇಲಿ ಯಾರಿಗಾದ್ರೂ ಫಿಟ್ಸ್ ಬರುತ್ತೇನಮ್ಮಾ?’ ಎಂದು ಕೇಳಿದರೆ, ಮದುವೆ ವಯಸ್ಸಿನ ಮಗಳಿರುವ ತಾಯಿ ‘ಯಾರಿಗೂ ಇಲ್ಲಮ್ಮಾ’ ಎಂದು ಹೇಳಿ ಕಳುಹಿಸುವುದೇ ಹೆಚ್ಚು. ಆಕೆಯನ್ನು ದೂರುವಂತಿಲ್ಲ. ಪದೇಪದೇ ಮೂರ್ಛೆ ಬರುತ್ತದೆಂಬ ಕಾರಣಕ್ಕೆ ಮದುವೆಯನ್ನೇ ರದ್ದು ಮಾಡಿಸಲು ಹಿಂದೂ ವಿವಾಹ ಕಾಯ್ದೆಯಲ್ಲಿ 1999ರವರೆಗೂ ಅವಕಾಶವಿತ್ತು. ಕಾಯ್ದೆ ತಿದ್ದುಪಡಿಯಾದರೂ ಸಂಬಂಧ ನೋಡಲು ಬರುವವರ ಮನಸ್ಸು ಅಷ್ಟು ಬೇಗ ತಿದ್ದುಪಡಿಯಾಗುವುದಿಲ್ಲ.

ಆದರೂ ಲೆಕ್ಕ ಹಾಕಿದವರಿದ್ದಾರೆ. 1990ರ ದಶಕದಲ್ಲಿ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಹಾಗೂ ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿದರು. ಒಟ್ಟಾರೆ ಸಾವಿರಕ್ಕೆ ಸುಮಾರು 9 ಮಂದಿಗೆ ಮೂರ್ಛೆರೋಗವಿತ್ತು. ನಗರದಲ್ಲಿ 6ರ ಆಸುಪಾಸು, ಹಳ್ಳಿಗಳಲ್ಲಿ ಅದರ ಎರಡರಷ್ಟು. ಅದೇ ದಶಕದಲ್ಲಿ ಡಾ. ಕೆ.ಎಸ್. ಮಣಿ ಅವರ ತಂಡ ಯಳಂದೂರಿನಲ್ಲಿ ಸುಮಾರು 65 ಸಾವಿರ ಜನರನ್ನು ವಿಚಾರಿಸಿದಾಗ ಸಿಕ್ಕಿದ್ದು ಸಾವಿರಕ್ಕೆ 5ಕ್ಕಿಂತ ಕಡಿಮೆ. ಇಷ್ಟು ಅಂತರವಿದ್ದಾಗ ರೋಗದ ಜೊತೆಗೆ, ಯಾರು ಹೇಗೆ ಕೇಳಿದರು, ಯಾವುದನ್ನು ಮೂರ್ಛೆರೋಗವೆಂದು ಎಣಿಸಿದರು ಎಂಬುದನ್ನೂ ನೋಡಬೇಕಾಗುತ್ತದೆ. ತಲೆಯ ಮೇಲೆ ಬಿಸಿನೀರು ಹೊಯ್ದುಕೊಂಡಾಗ ಮಾತ್ರ ಬರುವ ಮೂರ್ಛೆಯನ್ನೇ ತೆಗೆದುಕೊಳ್ಳಿ. ಚೊಂಬಿನ ಮೇಲೆ ಚೊಂಬು ಸುರಿದುಕೊಳ್ಳುವ ದಕ್ಷಿಣ ಕರ್ನಾಟಕದಲ್ಲಿ ಇದು ವಿಶೇಷವಾಗಿ ಹೆಚ್ಚು. ಬಚ್ಚಲಿನಾಚೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಒಗಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವರ್ಷಕ್ಕೆ ಹೊಸದಾಗಿ ಮೂರ್ಛೆರೋಗ ಬರುವವರು ಶ್ರೀಮಂತ ದೇಶಗಳಲ್ಲಿ ಲಕ್ಷಕ್ಕೆ ಸುಮಾರು 49. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಅದು 139ರವರೆಗೂ ಹೋಗುತ್ತದೆ. ಹಾಗಾದರೆ ರೋಗದೊಂದಿಗೆ ಬದುಕುತ್ತಿರುವವರ ಸಂಖ್ಯೆಯೂ ಅಷ್ಟೇ ಪಟ್ಟು ಹೆಚ್ಚಿರಬೇಕಿತ್ತಲ್ಲ? ನಮ್ಮ ಸಮೀಕ್ಷೆಗಳಲ್ಲಿ ಅದು ಕಾಣುವುದಿಲ್ಲ. ಒಳಬಂದ ನೀರು ತೂಬಿನಿಂದ ಹೊರಹೋಗುತ್ತಿದ್ದರೆ ಕೆರೆಯ ಮಟ್ಟ ಏರುವುದಿಲ್ಲ. ಕೆಲವರಿಗೆ ರೋಗ ತಾನಾಗಿ ವಾಸಿಯಾಗುತ್ತದೆ, ಕೆಲವರು ಬಚ್ಚಿಡುತ್ತಾರೆ. ಮಿಕ್ಕವರಲ್ಲಿ ಹಲವರು ಬಾವಿಗೆ, ಒಲೆಗೆ ಬಿದ್ದು, ಇಲ್ಲವೇ ನಿಲ್ಲದ ಫಿಟ್ಸ್‌ನಿಂದ ಬೇಗ ಸಾಯುತ್ತಾರೆ. ಅಂಕಿ ಕಡಿಮೆಯಿದೆ ಎಂದು ಸಮಾಧಾನಪಡುವ ಮೊದಲು ಈ ಸಾವುಗಳನ್ನು ನೆನೆಯಬೇಕು.

ಹೊಸ ರೋಗಿಗಳು ಇಲ್ಲೇ ಏಕೆ ಹೆಚ್ಚು? ಹೆರಿಗೆ ತಡವಾಗಿ ಉಸಿರುಗಟ್ಟಿದ ಶಿಶು, ಮಿದುಳು ಜ್ವರ, ಹೆಲ್ಮೆಟ್ಟಿಲ್ಲದ ತಲೆಗೆ ಬಿದ್ದ ಪೆಟ್ಟು ಎಲ್ಲವೂ ಮುಂದೆ ಮೂರ್ಛೆರೋಗಕ್ಕೆ ದಾರಿಯಾಗಬಹುದು. ಲಾಡಿಹುಳುವಿನದು ಬೇರೆಯೇ ಕಥೆ. ಅರೆಬೆಂದ ಹಂದಿಮಾಂಸ ತಿಂದವರ ಕರುಳಲ್ಲಿ ಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದ ಮೂಲಕ ಮಣ್ಣು, ನೀರು, ಸೊಪ್ಪು ತರಕಾರಿ ಸೇರುತ್ತವೆ. ಆ ಮೊಟ್ಟೆ ಹೊಟ್ಟೆಗೆ ಹೋದರೆ ಮರಿ ಮಿದುಳಿನಲ್ಲಿ ಗೂಡು ಕಟ್ಟುತ್ತದೆ. ಹೀಗಾಗಿ ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಹುಳುವಿನ ಕಾಟವಿರುವ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು 30 ಪ್ರತಿಶತ ಪ್ರಕರಣಗಳಿಗೆ ಇದೇ ಕಾರಣ. ಅಂದರೆ ನಮ್ಮ ಮೂರ್ಛೆರೋಗದ ಗಣನೀಯ ಭಾಗವನ್ನು ಹಣೆಬರಹದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಅದು ಶೌಚಾಲಯ ಮತ್ತು ಹೆರಿಗೆ ವಾರ್ಡಿನ ಲೆಕ್ಕ.

ಚಿಕಿತ್ಸೆಯ ಮಾತು ಬಂದರೆ ಸಂಕಟ ಇನ್ನೂ ಹೆಚ್ಚುತ್ತದೆ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ನೂರರಲ್ಲಿ 70 ಜನರವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು. ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿಗಾಡಿನಲ್ಲಿ ರೋಗ ಹತೋಟಿಗೆ ಬರುತ್ತದೆಂದು ಮಣಿಯವರ ತಂಡ ಯಳಂದೂರಿನಲ್ಲೇ ತೋರಿಸಿತು. ಆದರೂ ಬಡ ದೇಶಗಳಲ್ಲಿ ನಾಲ್ವರಲ್ಲಿ ಮೂವರಿಗೆ ಸರಿಯಾದ ಚಿಕಿತ್ಸೆ ಸಿಗುತ್ತಿಲ್ಲ. ಬಿದ್ದು ಒದ್ದಾಡುವವನ ಕೈಗೆ ಬೀಗದ ಕೈ ತುರುಕುವವರು ಈಗಲೂ ಇದ್ದಾರೆ. ಅವನನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ಹಾಕದೆ, ಗಡಿಯಾರ ನೋಡುತ್ತ ಪಕ್ಕದಲ್ಲಿರಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಇದು ಶಾಲೆಯಲ್ಲೇ ಕಲಿಸಬಹುದಾದ ವಿಷಯ.

ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮೂರ್ಛೆರೋಗವನ್ನು ಗುರುತಿಸುವಂತಾಗಬೇಕೆಂಬುದು ಅದರ ಆಶಯಗಳಲ್ಲೊಂದು. ಅದು ಫಲಿಸಿ, ಅಲ್ಲಿ ಮಾತ್ರೆ ತಿಂಗಳು ತಪ್ಪದೆ ಸಿಗತೊಡಗಿದರೆ, ಬಚ್ಚಿಟ್ಟವರು ಹೊರಬರುತ್ತಾರೆ, ಸಾಯಬೇಕಾಗಿದ್ದವರು ಬದುಕುತ್ತಾರೆ. ಸಾವಿರಕ್ಕೆ ಎಷ್ಟು ಎಂಬ ಅಂಕಿ ಮೊದಮೊದಲು ಏರುತ್ತದೆ. ಆ ಏರಿಕೆ ಕಂಡು ರೋಗ ಹಬ್ಬುತ್ತಿದೆಯೆಂದು ಗಾಬರಿಬಿದ್ದು ಕಾರ್ಯಕ್ರಮದ ಅನುದಾನಕ್ಕೆ ಯಾರೂ ಕೈಹಾಕಬಾರದು.